ಬಾಲಾಲಯದ ದೀಪ

ಮೊನ್ನೆ ಮನೆಯಲ್ಲಿ ದೇವರ ಮುಂದಿನ ದೀಪ ಎಣ್ಣೆ ತೀರಿ ಆರಿತು. ಕರಕಲು ಬತ್ತಿಯ ಕಮಟು ಮೂಗಿಗೆ ಬಡಿದದ್ದೇ ತಡ, ಗೊಟ್ಟಿಗೆರೆಯ ಅಯ್ನೋರು ನೆನಪಾದರು.

ನಮ್ಮ ಮನೆ ಎದುರಿನ ಈಶ್ವರನ ಗುಡಿಗೆ ಅವರು ಪೂಜಾರಿ. ಹಳೇ ಗುಡಿ ಕೆಡವಿ ಹೊಸದು ಕಟ್ಟುವಾಗ, ದೇವರ ಶಕ್ತಿಯನ್ನು ಕಲಶದ ನೀರಿಗೆ ಇಳಿಸಿ ಪಕ್ಕದ ತಗಡಿನ ಕೋಣೆಯಲ್ಲಿಟ್ಟಿದ್ದರು. ಅದಕ್ಕೆ ಬಾಲಾಲಯ ಎಂದು ಹೆಸರು. ಸುಮ್ಮನಿರಲಾರದೆ ಕಿಚಾಯಿಸಿದ್ದೆ, "ಏನ್ ಅಯ್ನೋರೆ, ಈ ಶೆಡ್ಡಿಗೆ ಇಷ್ಟು ದೊಡ್ಡ ಹೆಸರಾ?"

ಅವರು ನಗಲಿಲ್ಲ. "ಬಾಲ ಅಂದ್ರೆ ಮಗು, ಆಲಯ ಅಂದ್ರೆ ಮನೆ. ಸಂಸ್ಕೃತದ ಮಾತು ಕಣಮ್ಮ. ಮನೆ ಬಿಟ್ಟು ಬಂದಿರೋ ದೇವ್ರು ಈಗ ಎಳೇ ಕೂಸು. ಕತ್ತಲಲ್ಲಿ ಬಿಡಂಗಿಲ್ಲ."

ಆರು ತಿಂಗಳ ಕೆಲಸ ಎರಡು ವರ್ಷ ಎಳೆಯಿತು. ಒಂದು ದಿನವೂ ದೀಪ ಆರಲು ಬಿಡಲಿಲ್ಲ, ಪುಣ್ಯಾತ್ಮ. ಮಗಳು ಬನಶಂಕರಿಯಲ್ಲೇ ಇದ್ದರೂ ಹಬ್ಬದೂಟಕ್ಕೆ ಹೋದವರಲ್ಲ.

ಒಮ್ಮೆ ಎದೆನೋವು ಅಂತ ಆಸ್ಪತ್ರೆಗೆ ಹೋಗಲೇಬೇಕಾಯಿತು. ಬೀಗದ ಕೈ ನನಗೆ ಕೊಟ್ಟರು. "ಹೊಸ್ತಿಲಾಚೆಯಿಂದ್ಲೇ ಕೈ ಚಾಚಿ ಎಣ್ಣೆ ಹಾಕ್ತಿರಮ್ಮ. ಅಪ್ಪಿತಪ್ಪಿ ಆರಿದ್ರೆ ಮುಚ್ಚಿಡ್ಬೇಡ. ಶುದ್ಧಿ ಮಾಡಿ ಮತ್ತೆ ದೇವ್ರನ್ನ ಕಲಶಕ್ಕೆ ಕರೀಬೇಕು."

ನಾನೋ, ಬೆಳಿಗ್ಗೆ ಎಣ್ಣೆ ಸುರಿದು, ರವಿಕೆ ಬಟ್ಟೆ ತರಲು ಜಯನಗರ ಫೋರ್ತ್ ಬ್ಲಾಕಿಗೆ ಹೊರಟೆ. ಬರುವಾಗ ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸು ಅಲ್ಲಾಡಲಿಲ್ಲ. ಬಾಗಿಲು ತೆರೆದರೆ ಕತ್ತಲು... ಹೊಗೆಯೂ ಇರಲಿಲ್ಲ, ಬರೀ ಆ ಕಮಟು. ಯಾವಾಗ ಆರಿತ್ತೋ ಏನೋ. ಗಡಿಬಿಡಿಯಲ್ಲಿ ಕಡ್ಡಿ ಗೀರಿ ಹಚ್ಚಿಟ್ಟೆ.

ಸಂಜೆ ಅಯ್ನೋರು ಆಟೋದಿಂದ ಇಳಿದವರೇ ಕೇಳಿದರು. "ಮಗು ಹೆದರ್ಕೊಳ್ಳಲಿಲ್ಲ ತಾನೇ?"

"ಅಯ್ಯೋ ಇಲ್ಲ ಅಯ್ನೋರೆ, ಉರೀತಾನೇ ಇತ್ತು."

"ನಿನ್ನ ಹೊಟ್ಟೆ ತಣ್ಣಗಿರ್ಲಿ ತಾಯಿ," ಎಂದು ತಲೆ ಮೇಲೆ ಕೈಯಿಟ್ಟರು. ಆ ಕೈಯ ಭಾರ ಇನ್ನೂ ಇಳಿದಿಲ್ಲ. ಆಗಲೇ ಹೇಳಬಹುದಿತ್ತು... ಬೈಸಿಕೊಳ್ಳುವುದಕ್ಕೆ ಹೆದರಿದೆ, ಅಷ್ಟೇ.

ಗುಡಿ ಮುಗಿದ ದಿನ ಅವರೇ ಕಲಶ ಹೊತ್ತು ಹೊಸ ಗರ್ಭಗುಡಿಗೆ ನಡೆದರು. ಕಾಲು ನಡುಗುತ್ತಿದ್ದರೂ ಇನ್ನೊಬ್ಬರಿಗೆ ಕೊಡಲಿಲ್ಲ. ಮಗುವನ್ನು ಮನೆ ಸೇರಿಸಿದೆ ಎಂದು ಎಲ್ಲರೆದುರು ಅತ್ತರು. ಆ ವರ್ಷವೇ ತೀರಿಕೊಂಡರು.

ಈಗ ಜೆ.ಪಿ. ನಗರದಿಂದೆಲ್ಲ ಜನ ಬರುತ್ತಾರೆ. ಮಂಗಳಾರತಿಗೆ ಎಲ್ಲರೂ ಕೈ ಮುಗಿದಾಗ ನಾನು ನೆಲ ನೋಡುತ್ತೇನೆ. ಈಗಿರುವ ಅರ್ಚಕರಿಗೆ ಹೇಳಿಬಿಡೋಣ ಎಂದು ಎಷ್ಟೋ ಸಲ ಹೋಗಿದ್ದೇನೆ. ಹೇಳಿದರೆ, ಅಯ್ನೋರು ಅಂದು ತಲೆ ಮೇಲೆ ಹೊತ್ತದ್ದು ಬರೀ ನೀರು ಎಂದಾಗುತ್ತದೆ. ತೀರ್ಥ ತೆಗೆದುಕೊಂಡು ಸುಮ್ಮನೆ ಮನೆಗೆ ಬರುತ್ತೇನೆ.