ತಾನೇ ಒತ್ತಿಕೊಳ್ಳುವ ಕ್ಯಾಮೆರಾ

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ದಿನವಿಡೀ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸುವುದೇ ಕೆಲಸ. ಸೊಲ್ಲಾಪುರಕ್ಕೆ ತೊಗರಿಯ ಧಾರಣೆ ಕೇಳುವವರು, ಹೈದರಾಬಾದಿನ ಮಗಳೊಡನೆ ಅಳುವವರು, ಎಲ್ಲರೂ ನನ್ನ ಕೈ ದಾಟಿಯೇ ಹೋಗುತ್ತಿದ್ದರು. ನನ್ನೊಡನೆ ಅವರಿಗಿದ್ದ ಮಾತು ಒಂದೇ: “ಲಗೂನ ಲೈನ್ ಹಚ್ಚಿ ಕೊಡ್ರಿ.” ಡ್ಯೂಟಿ ಮುಗಿಸಿ ಬಾಡಿಗೆ ಖೋಲಿಗೆ ಬಂದರೆ ನಾಲ್ಕು ಗೋಡೆ. ತಪ್ಪು ನನ್ನದೂ ಇತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಚಹಾಕ್ಕೆ ಎರಡು ಸಲ ಕರೆದ ಜೊತೆಯವರು ಮೂರನೆಯ ಸಲ ಕರೆಯಲಿಲ್ಲ.

ಅವ್ವ ಆಳಂದ ತಾಲೂಕಿನ ಮಟಕಿಯಲ್ಲಿ, ಅಣ್ಣನ ಸಂಸಾರದೊಡನೆ ಇದ್ದಳು. ಊರಿಗೆ ಹೋದಾಗಲೆಲ್ಲ ಅವಳದು ಒಂದೇ ವರಾತ: “ಅಲ್ಲಿ ನಿನಗ ಯಾರೂ ಇಲ್ಲಂದ್ರ ನೌಕರಿ ಬಿಟ್ಟು ಬಂದ್ಬಿಡು ತಮ್ಮಾ. ಹೊಲ ಅದ, ಅಣ್ಣ ಅದಾನ.” ಸರ್ಕಾರಿ ನೌಕರಿ ಬಿಟ್ಟು ಬಂದವನನ್ನು ಊರ ಮಂದಿ ಸುಮ್ಮನೆ ಬಿಟ್ಟಾರೆಯೇ? ನಾನು ಸುಖವಾಗಿದ್ದೇನೆಂದು ಅವಳಿಗೆ ತೋರಿಸಲೇಬೇಕಿತ್ತು. ಸ್ಟುಡಿಯೋದ ಫೋಟೋ ಆಗದು. ಆ ಪರದೆಯ ಮುಂದೆ ಎಲ್ಲರೂ ಸುಖವಾಗಿಯೇ ಕಾಣುತ್ತಾರೆ. ನನ್ನ ಖೋಲಿಯಲ್ಲೇ ತೆಗೆದದ್ದು ಬೇಕು. ಅದಕ್ಕೇ ಕ್ಯಾಮೆರಾ ಕೊಳ್ಳಲು ಗುಲ್ಬರ್ಗಾಕ್ಕೆ ಹೋದೆ.

ಅಂಗಡಿಯ ಮುದುಕರು ಮೂರು ಕ್ಯಾಮೆರಾಗಳನ್ನು ಗಾಜಿನ ಮೇಲೆ ಇಟ್ಟರು. ನಾನು ಎಲ್ಲಕ್ಕಿಂತ ದೊಡ್ಡದಕ್ಕೆ ಕೈ ಹಾಕಿದೆ.

“ತಡೀರಿ ಸಾಹೇಬ್ರ. ಮೊದಲ ಏನ್ ತೆಗಿಯೋದದ ಹೇಳ್ರಿ. ಮದ್ವಿ? ಮಕ್ಕಳು?”

“ಮಕ್ಕಳಿಲ್ರಿ.”

“ಮತ್ತ ಫೋಟೋದಾಗ ಎಷ್ಟು ಮಂದಿ ಇರ್ತಾರ?”

“ಒಬ್ಬನ.”

“ಅಂವನ್ನ ತೆಗಿಯೋರು ನೀವೇನ್ರಿ?”

“ಅಂವಾನೂ ನಾನ ರೀ,” ಎಂದು ಸಿಡುಕಿದೆ.

ಮುದುಕರು ನಗಲಿಲ್ಲ. ದೊಡ್ಡದನ್ನು ಮೆಲ್ಲಗೆ ಒಳಗಿಟ್ಟು, ಮೂರನೆಯದರ ಪಕ್ಕದ ಪುಟ್ಟ ಕಡ್ಡಿಯನ್ನು ಕೆಳಗೆ ಎಳೆದು ಬಿಟ್ಟರು. ಅದು ಜರ್ ಎನ್ನುತ್ತ ಮೇಲೆ ಬಂದು ಟಕ್ ಎಂದಿತು. “ಇದು ತಾನ ಒತ್ತಕೋತದ. ನೀವು ಓಡಿ ಹೋಗಿ ಕುಂದ್ರಬೇಕು, ಅಷ್ಟ.”

ಖೋಲಿಗೆ ಬಂದು ಶುರು ಮಾಡಿದೆ: ಟ್ರಂಕಿನ ಮೇಲೆ ಸ್ಟೂಲು, ಅದರ ಮೇಲೆ ಕ್ಯಾಮೆರಾ. ಮೊದಲ ಫೋಟೋದಲ್ಲಿ ನನ್ನ ಬೆನ್ನು ಬಂತು, ಎರಡನೆಯದರಲ್ಲಿ ಅರ್ಧ ತಲೆ. ಆಮೇಲೆ ಪಳಗಿದೆ. ಒಂದರಲ್ಲಂತೂ ಎದುರಿಗೆ ಯಾರೋ ತಮಾಷೆ ಮಾಡಿದರೆಂಬಂತೆ ನಕ್ಕಿದ್ದೆ. ಅದನ್ನೇ ಅವ್ವನಿಗೆ ಒಯ್ದುಕೊಟ್ಟೆ.

ಅವಳು ಬಹಳ ಹೊತ್ತು ನೋಡಿದಳು. “ಯಾರನ್ನ ನೋಡಿ ನಕ್ಕೀಯೋ? ಇದು ತೆಗದಾಂವ ಯಾರು?”

“ನನ್ನ ಗೆಳೆಯ ಬೇ,” ಎಂದುಬಿಟ್ಟೆ.

ಅವ್ವನ ಮುಖ ಅರಳಿತು. ನೌಕರಿ ಬಿಡುವ ಮಾತು ಅಂದಿಗೆ ನಿಂತಿತು. ಅಂದಿನಿಂದ ಊರು ಬಿಡುವಾಗ ಬುತ್ತಿಗಂಟು ಎರಡು. ಒಂದು ನನಗೆ, ಒಂದು ಗೆಳೆಯನಿಗೆ. ಅವನ ಪಾಲಿನ ಖಡಕ್ ರೊಟ್ಟಿ, ನಂಚಿಕೊಳ್ಳುವ ಶೇಂಗಾ ಹಿಂಡಿಯನ್ನು ಖೋಲಿಯಲ್ಲಿ ಕೂತು ನಾನೇ ತಿನ್ನುತ್ತಿದ್ದೆ. ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಅವನನ್ನೂ ಕರೆತರಲು ಹೇಳಿ ಕಳಿಸಿದಳು. ಆ ದಿನ ನಮ್ಮ ಕಡೆ ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿ, ಬಂದವರನ್ನೆಲ್ಲ ಕೂರಿಸಿಕೊಂಡು ಉಣ್ಣುತ್ತಾರೆ. ಒಬ್ಬರೇ ಉಣ್ಣುವುದೆಂಬುದಿಲ್ಲ. ನಾನೊಬ್ಬನೇ ಹೋಗಿ, ಗೆಳೆಯನಿಗೆ ರಜೆ ಸಿಗಲಿಲ್ಲವೆಂದೆ. ಹೊಲದಲ್ಲಿ ಅವನ ತಾಟು ಆಗಲೇ ಬಡಿಸಿಯಾಗಿತ್ತು. ಸಜ್ಜೆ ಕಡುಬು, ಭಜ್ಜಿ, ಹೋಳಿಗೆ.

ಕ್ಯಾಮೆರಾ ಜೊತೆಗೆ ಒಯ್ದಿದ್ದೆ. ಫೋಟೋದಲ್ಲಿ ಎಲ್ಲರೂ ಇರಬೇಕು, ನೀನೂ ಬಾ ಎಂದ ಅಣ್ಣ. ಕೈಗೆ ರೂಢಿಯಾಗಿಬಿಟ್ಟಿತ್ತು ನೋಡಿ. ಹಿಂದುಮುಂದು ಯೋಚಿಸದೆ ಕ್ಯಾಮೆರಾವನ್ನು ಬಂಡಿಯ ಮೇಲಿಟ್ಟೆ, ಕಡ್ಡಿ ಎಳೆದೆ, ಓಡಿಬಂದು ಅವ್ವನ ಪಕ್ಕ ಕೂತೆ, ಅದೇ ನಗೆ ನಕ್ಕೆ. ಬಂಡಿಯ ಹಿಂದೆ ಯಾರೂ ಇಲ್ಲ. ಕ್ಯಾಮೆರಾ ಜರ್ ಎನ್ನುತ್ತಿತ್ತು. ಅವ್ವ ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಆಗ ಟಕ್ ಎಂದಿತು.

ಆ ಫೋಟೋ ಇನ್ನೂ ಇದೆ. ಅಣ್ಣನ ಮನೆಯವರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಅವ್ವ ಮಾತ್ರ ನನ್ನ ಮುಖ ನೋಡುತ್ತಿದ್ದಾಳೆ.

ಅವತ್ತು ಊಟಕ್ಕೆ ಕೂತಾಗ ಅವಳು ಗೆಳೆಯನ ತಾಟನ್ನು ನನ್ನ ತಾಟಿಗೆ ಒತ್ತಿ ಇಟ್ಟು “ಉಣ್ಣು” ಎಂದಳು, ಅಷ್ಟೇ.

ಮರುದಿನ ಬಸ್ಸಿನ ಹತ್ತಿರ ಬಂದಾಗಲೂ ಅವಳ ಕೈಯಲ್ಲಿ ಎರಡು ಗಂಟಿದ್ದವು. “ಇದು ಮುಂಜಾನಿಗಿ, ಇದು ಸಂಜಿಗಿ,” ಎಂದು ಕೊಟ್ಟಳು. ನೌಕರಿ ಬಿಟ್ಟು ಬಾ ಎಂದು ಇನ್ನೊಮ್ಮೆ ಅನ್ನುತ್ತಾಳೆಂದು ಕಾದೆ. ಅಂದಿದ್ದರೆ ಅವತ್ತು ಹೂಂ ಅನ್ನುತ್ತಿದ್ದೆ. ಅವಳು ನನ್ನ ಅಂಗಿಯ ಕಾಲರು ಸರಿಮಾಡಿ, “ಹತ್ತು, ಬಸ್ಸ ಬಿಡತದ,” ಎಂದಳು.