ದೋಣಿಗಾಗಿ ನಾಲ್ಕು ಮಹಡಿ

ಆ ಬೆಳಿಗ್ಗೆಯೂ ಎಂದಿನಂತೆ ನೀರು ತುಂಬಿಸಿಟ್ಟು, ಹಾಲಿನ ಪ್ಯಾಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದೆ. ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಇಣುಕಿದರೆ, ಎಪ್ಪತ್ತಾರರ ನಮ್ಮ ಅತ್ತೆ! ದಿನವೂ ಕೆಳಗೆ ಕಾಂಪೌಂಡಿನಲ್ಲಿ ಹೂ ಬಿಡಿಸಿಕೊಂಡು ಲಿಫ್ಟಿನಲ್ಲಿ ಬರುತ್ತಾರೆಂದೇ ತಿಳಿದಿದ್ದೆ. ಈಗ ಒಂದು ಕೈಯಲ್ಲಿ ದಾಸವಾಳ, ಇನ್ನೊಂದರಲ್ಲಿ ಕಂಬಿ ಹಿಡಿದು ನಮ್ಮ ನಾಲ್ಕನೇ ಮಹಡಿಗೆ ಹತ್ತಿ ಬರುತ್ತಿದ್ದರು.

“ಅತ್ತೀ, ಲಿಫ್ಟ್ ಚಾಲೂ ಐತಲ್ರೀ! ಮೊಣಕಾಲ ನೋವು ಇಟ್ಕೊಂಡು ಇದೇನ್ರೀ?”

“ದೋಣಿಗೆ ಹೋಗಾಕ ಮೆಟ್ಟಲಾ ಅದಾವಂತ, ಮುದುಕಿ ಕೈಲೆ ಆಗಂಗಿಲ್ಲಂತ. ನಿನ್ನ ಗಂಡ ಅಂದದ್ದು ಕೇಳೇನಿ. ಈಗ ನಾಕ ಮಜಲಾ ಹತ್ತೀನಿಲ್ಲ? ಹೋಗಿ ಹೇಳು ಅವಗ!”

ನನಗೆ ನಾಚಿಕೆಯಾಯಿತು. ಗೇಟ್‌ವೇ ಬಂದರುಕಟ್ಟೆಯಿಂದ ದೋಣಿಯಲ್ಲಿ ಹೊರಟು, ಕಾಶೀದ್ ಕಡಲತೀರದಲ್ಲಿ ಎರಡು ದಿನ ಇದ್ದು ಬರುವ ಯೋಜನೆಯನ್ನು ನಾವಿಬ್ಬರೂ ತಿಂಗಳ ಹಿಂದೆ ಅಡುಗೆಮನೆಯಲ್ಲಿ ಪಿಸುಮಾತಿನಲ್ಲೇ ಮಾಡಿದ್ದೆವು. ಅತ್ತೆಯನ್ನು ಕಾಂದಿವಲಿಯ ನಾದಿನಿಯ ಮನೆಯಲ್ಲಿ ಬಿಡುವ ವಿಷಯವನ್ನು ಹೊರಡುವ ಹಿಂದಿನ ದಿನ ಹೇಳಿದರಾಯಿತು ಎಂದುಕೊಂಡಿದ್ದೆವು. ಅತ್ತೆಯನ್ನೂ ಕರೆದೊಯ್ಯೋಣ ಎಂದಾಗ, ತಿಂಡಿಗೆ ಕೂತ ಗಂಡ, “ಅವ್ವಗ ತ್ರಾಸ ಆಗ್ತದ” ಎಂದರು. ನಾನು ಬಿಡಲಿಲ್ಲ. ಅವರ ತಟ್ಟೆಯ ಪಕ್ಕ ಮೊಬೈಲ್ ಇಟ್ಟು, ಅತ್ತೆಗೂ ಟಿಕೆಟ್ ಮಾಡಿಸಿದ ಮೇಲೆಯೇ ಚಹಾ ಕೊಟ್ಟೆ.

ಸಂಜೆ ಲಿಫ್ಟಿನಲ್ಲಿ ಎರಡನೇ ಮಹಡಿಯ ವಾರಿಜಕ್ಕ ಸಿಕ್ಕರು. ಮಂಗಳೂರಿನವರು. ತರಕಾರಿ ಚೀಲ ಕೈ ಬದಲಿಸುತ್ತ, “ನಿಮ್ಮ ಅತ್ತೆಗೆ ಲಿಫ್ಟ್ ಅಂದ್ರೆ ಹೆದರಿಕೆಯಾ ಮಾರಾಯ್ರೆ? ಒಂದು ತಿಂಗಳಿಂದ ನೋಡ್ತಿದ್ದೇನೆ, ಬೆಳಿಗ್ಗೆ ಮೆಟ್ಟಿಲಲ್ಲೇ ಬರ್ತಾರೆ. ಮೊದಮೊದಲು ನಮ್ಮ ಬಾಗಿಲ ಹತ್ರ ಕೂತುಬಿಡ್ತಿದ್ರು. ಈಗ ನಿಲ್ಲುವುದೇ ಇಲ್ಲ” ಎಂದರು.