ಎರಡನೇ ಸಾಲಿನ ಹೆಸರು

ಬಿಲ್ಡಿಂಗಿನಲ್ಲಿ ಎಲ್ಲಿ ಜಗಳ ಶುರುವಾದರೂ ಸಂಜೀವಣ್ಣ ಬಿಡಿಸಲು ಹೋಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ ಕುಳಿತು ಕೊನೆಯವರೆಗೂ ಕೇಳುತ್ತಿದ್ದರು. ಮುಗಿದ ಮೇಲೆ, "ಇವತ್ತು ಎರಡನೇ ಮಹಡಿಯ ಮಾವಶಿಯ ಸ್ವರ ಸ್ವಲ್ಪ ಕಮ್ಮಿ ಉಂಟು, ಶೀತ ಆಗಿರ್ಬೇಕು," ಎಂದು ಎದ್ದು ಹೋಗುತ್ತಿದ್ದರು.

ಇದು ಮುಂಬಯಿಯ ಭಾಂಡುಪ್‌ನಲ್ಲಿ ಒಂಟಿ ಹಿರಿಯರಿಗೆಂದು ಸರಕಾರ ಕಟ್ಟಿಸಿದ ಬಿಲ್ಡಿಂಗು. ಒಬ್ಬೊಬ್ಬರಿಗೆ ಒಂದೊಂದು ಕೋಣೆಯ ಮನೆ. ನಾನು ಕೆಳಗಿನ ಆಫೀಸಿನ ಕ್ಲರ್ಕು. ಸಂಜೀವಣ್ಣ ನಾಲ್ಕನೇ ಮಹಡಿಯವರು, ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವರು. ಮದುವೆಯಾಗಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡದೆ ಹಾಲು ತರಲೂ ಇಳಿದವರಲ್ಲ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ನನ್ನ ಮೇಜಿನ ಮುಂದೆ ನಿಂತು ತಕರಾರು ತೆಗೆಯುತ್ತಿದ್ದರು. ಬಾಗಿಲ ಬಳಿಯ ಬೆಂಚಿಗೆ ಬಿಸಿಲು ಹೊಡೆಯುತ್ತದೆ, ಅದನ್ನು ಆಚೆ ಗೋಡೆಗೆ ಸರಿಸಿ ಎಂಬುದು ಅವರ ಖಾಯಂ ವಾದ. ಅಲ್ಲಿಗೆ ಸರಿಸಿದರೆ ಕಪಾಟಿನ ಬಾಗಿಲು ತೆರೆಯುವುದಿಲ್ಲ ಎಂಬುದು ನನ್ನ ಖಾಯಂ ಉತ್ತರ. ಇಬ್ಬರೂ ಸೋಲುತ್ತಿರಲಿಲ್ಲ.

ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬುದಕ್ಕೆ ಪ್ರತಿ ಮನೆಗೂ ಒಂದು ಫಾರಂ ಇರುತ್ತದೆ. ಹೆಸರು, ನಂಬರು, ಸಂಬಂಧ. ಹೆಚ್ಚಿನವರು ದೂರದ ಮಗನದೋ ತಂಗಿಯದೋ ನಂಬರು ಕೊಟ್ಟಿದ್ದರು. ಒಮ್ಮೆ ಮೊದಲ ಮಹಡಿಯ ಮುದುಕರೊಬ್ಬರು ಎರಡು ದಿನ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದು ಪಕ್ಕದ ಮನೆಗೂ ಗೊತ್ತಾಗಲಿಲ್ಲ. ಫೋನ್ ಎತ್ತುತ್ತಿಲ್ಲವೆಂದು ಸೂರತ್‌ನಿಂದ ಮಗ ಬಂದು ಬಾಗಿಲು ತೆರೆಸಿದ. ಆಮೇಲೆ ಮೇಲಿನಿಂದ ಹುಕುಂ ಬಂತು, ಎರಡನೇ ಸಾಲಿನಲ್ಲಿ ಇದೇ ಬಿಲ್ಡಿಂಗಿನ ಒಬ್ಬರ ಹೆಸರು ಬೇಕು ಎಂದು. ಫಾರಂಗಳು ವಾಪಸು ಬಂದಾಗ ನೋಡಿದರೆ ಹದಿನಾಲ್ಕು ಫಾರಂಗಳಲ್ಲಿ ಅದೇ ಒಂದು ಹೆಸರು, ಸಂಜೀವಣ್ಣನದು.

"ಹದಿನಾಲ್ಕು ಜನರಿಗೆ ನೀವೊಬ್ಬರೇ ಹೇಗೆ ಓಡ್ತೀರಿ ಸಂಜೀವಣ್ಣ? ನಿಮಗೇ ಮೊಣಕಾಲು ನೋವು," ಎಂದೆ.

ಫಾರಂಗಳನ್ನು ಕಂಕುಳಲ್ಲಿಟ್ಟುಕೊಂಡು ಹೋದವರು ಮೂರನೇ ದಿನ ತಂದುಕೊಟ್ಟರು. ನೋಡಿ ತಲೆ ಚಚ್ಚಿಕೊಂಡೆ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗಾಗದವರನ್ನೇ ಆರಿಸಿ ಆರಿಸಿ ಜೋಡಿ ಮಾಡಿದ್ದರು.

"ಇವರೆಲ್ಲ ಒಬ್ಬರಿಗೊಬ್ಬರು ಆಗದವರು, ಸಂಜೀವಣ್ಣ."

"ನಿಮ್ಮ ಜೀವದ ಗೆಳತಿ ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ತೆಗೀತಾರೆ, ಹೇಳಿ ನೋಡುವ."

ನನಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಅಲ್ವಾ? ಜಗಳ ಇದ್ದವರಿಗೆ ಗೊತ್ತಿರ್ತದೆ ಮಾರಾಯ್ರೆ. ನಮ್ಮ ಹೋಟ್ಲಲ್ಲಿ ಇಬ್ರು ಸಪ್ಲಾಯರು, ಒಂಬತ್ತು ವರ್ಷ ಮಾತಿಲ್ಲ. ಒಬ್ಬ ಹುಷಾರಿಲ್ದೆ ಮಲಗಿದ್ರೆ ಮೊದ್ಲು ನನ್ನ ಹತ್ರ ಬರುವವ ಇನ್ನೊಬ್ಬನೇ. ದೂರು ಹೇಳ್ಲಿಕ್ಕೇ ಬರುದು. ಆದ್ರೂ ಬರ್ತಾನಲ್ಲ."

ಸಹಿ ಹೇಗೆ ಹಾಕಿಸಿದಿರಿ ಎಂದು ಕೇಳಿದೆ. ಒಬ್ಬೊಬ್ಬರಿಗೂ, "ಅವರು ಆಗ್ಲೇ ಒಪ್ಪಿದ್ದಾರೆ. ನೀವು ಒಪ್ಪದಿದ್ರೆ ನಿಮ್ಮದೇ ಸಣ್ಣತನ ಕಾಣ್ತದೆ," ಎಂದಿದ್ದರಂತೆ.

ಮೂರನೇ ಮಹಡಿಯಲ್ಲಿ ಬಸಪ್ಪ ಇದ್ದರು, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಇಲ್ಲೇ ಮುದುಕರಾದವರು. ಬಟ್ಟೆಯನ್ನು ಸರಿಯಾಗಿ ಹಿಂಡದೆ ಒಣಹಾಕುವುದು ಅವರ ಅಭ್ಯಾಸ. ನೀರೆಲ್ಲ ಕೆಳಗಿನ ಮನೆಯ ಶಿಂಧೆಯವರು, ಎಲ್ಲರೂ ಮಾವಶಿ (ಚಿಕ್ಕಮ್ಮ) ಎನ್ನುವವರು, ಒಣಗಿಸಿದ ಹಪ್ಪಳದ ಮೇಲೆ. ಏಳೂವರೆಗೆ ನೀರು ಬಿದ್ದರೆ ಮರುಗಳಿಗೆಗೆ ಮಾವಶಿಯ ಬೈಗುಳ. ಈ ಇಬ್ಬರನ್ನೂ ಸಂಜೀವಣ್ಣ ಜೋಡಿ ಮಾಡಿದ್ದರು. ಒಂದು ದಿನ ಎಂಟಾದರೂ ನೀರು ಬೀಳಲಿಲ್ಲ. ಬೈಯಲು ತಯಾರಾಗಿ ನಿಂತಿದ್ದ ಮಾವಶಿ ತಡೆಯಲಾರದೆ ಮೇಲೆ ಹತ್ತಿ ಬಾಗಿಲಿಗೆ ಕಿವಿಗೊಟ್ಟರೆ ಒಳಗೆ ನರಳಾಟ. ನನಗೆ ಫೋನ್ ಬಂತು. ಡುಪ್ಲಿಕೇಟ್ ಕೀ ಹಿಡಿದು ಓಡಿದೆ. ಬಸಪ್ಪ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಬಿದ್ದಿದ್ದರು.

ಸ್ಟ್ರೆಚರ್ ಇಳಿಸುವಾಗ ಮಾವಶಿ ಕಣ್ಣೊರೆಸಿಕೊಳ್ಳುತ್ತಲೇ ಮರಾಠಿಯಲ್ಲಿ ಗದರಿದರು, ಬಟ್ಟೆ ಹಿಂಡುವುದನ್ನು ಕಲಿತು ಬಾ ಎಂದು.

"ಬಂದಮ್ಯಾಲ ನೋಡೋಣ ಬಿಡ್ರಿ," ಎಂದರು ಬಸಪ್ಪ.

ನಾನು ಹೇಳಿರಲಿಲ್ಲವೇ ಎಂದು ಸಂಜೀವಣ್ಣ ಕೊಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅಂದು ಹನ್ನೊಂದಕ್ಕೆ ಬಂದು ಬೆಂಚಿನ ಮಾತನ್ನೇ ತೆಗೆದರು.

ಅವರದೇ ಫಾರಂನ ಎರಡನೇ ಸಾಲು ಮಾತ್ರ ಬಹಳ ದಿನ ಖಾಲಿ ಇತ್ತು. ಕೇಳಿದಾಗಲೆಲ್ಲ "ಕೊಡುವ, ಕೊಡುವ" ಎನ್ನುತ್ತಿದ್ದರು. ಸಂಬಂಧ ಎಂಬಲ್ಲಿ ಏನಾದರೂ ಬರೆಯಲೇಬೇಕು, ಹಾಗೆಯೇ ಬಿಡಬೇಡಿ ಎಂದು ನಾನೂ ಜೋರು ಮಾಡಿದ್ದೆ. ಒಂದು ದಿನ ತಾವೇ ತುಂಬಿ ಫೈಲಿಗೆ ಸೇರಿಸಿ ಹೋದರು. ಕೆಲಸದ ಗಡಿಬಿಡಿಯಲ್ಲಿ ನಾನು ತೆರೆದು ನೋಡಲಿಲ್ಲ.

ಕಳೆದ ಮಳೆಗಾಲದ ಒಂದು ಸೋಮವಾರ ಹನ್ನೊಂದಾಯಿತು, ಅವರು ಬರಲಿಲ್ಲ. ಮೊದಲು ನನಗೆ ಖುಷಿಯೇ ಆಯಿತು. ಹನ್ನೊಂದೂಕಾಲಿಗೆ ಸಿಟ್ಟು ಬಂತು. ಹನ್ನೊಂದೂವರೆಗೆ ಕೀ ತೆಗೆದುಕೊಂಡು ನಾಲ್ಕು ಮಹಡಿ ಹತ್ತಿದೆ. ಅವರು ಮಂಚದ ಪಕ್ಕ ನೆಲದ ಮೇಲಿದ್ದರು, ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಬಿಳಿ ಅಂಗಿಯ ಒಂದು ತೋಳು ಮಾತ್ರ ತೊಟ್ಟಾಗಿತ್ತು.

ಆಸ್ಪತ್ರೆಯ ಕೌಂಟರಿನಲ್ಲಿ ಅವರ ಮನೆಯವರ ನಂಬರು ಕೇಳಿದರು. ಬರುವಾಗ ಫೈಲನ್ನು ಎತ್ತಿಕೊಂಡೇ ಬಂದಿದ್ದೆ. ಮೊದಲ ಸಾಲಿನಲ್ಲಿ ಕಾರ್ಕಳದ ಅಕ್ಕನ ಮಗಳು. ಎರಡನೇ ಸಾಲಿನಲ್ಲಿ ನನ್ನ ಹೆಸರು, ನನ್ನ ನಂಬರು. ಸಂಬಂಧ ಎಂಬಲ್ಲಿ ಅವರ ದುಂಡು ಅಕ್ಷರದಲ್ಲಿ "ದಿನಾ ಜಗಳ" ಎಂದಿತ್ತು. ನೀವು ಇವರಿಗೆ ಏನಾಗಬೇಕು ಎಂದು ಕೌಂಟರಿನ ಹುಡುಗಿ ಹಿಂದಿಯಲ್ಲಿ ಕೇಳಿದಳು. ನನಗೆ ಅಳು ಬಂತು, ಫೈಲನ್ನು ಅವಳ ಮುಂದೆ ತಳ್ಳಿ ಆ ಸಾಲಿಗೆ ಬೆರಳಿಟ್ಟೆ.

ನಾಲ್ಕನೇ ದಿನ ಮಾತು ತೊದಲುತ್ತ ಸ್ವಲ್ಪ ಮರಳಿತು. ಬಗ್ಗಿ ಕೇಳಿದೆ. "ನೀವು ಅರ್ಧ ಗಂಟೆ ಲೇಟು," ಎಂದರು. ಬೆಂಚು ಇನ್ನೂ ಅಲ್ಲೇ ಇದೆ ಎಂದೆ. ಅರ್ಧ ಬಾಯಲ್ಲಿ ನಕ್ಕರು. ಅದೇ ಕೊನೆಯ ಭೇಟಿ. ಮರುದಿನ ಬೆಳಿಗ್ಗೆ ಹೋದರು.

ಅವರ ಮನೆ ಈಗ ಬೇರೆಯವರಿಗೆ ಸಿಕ್ಕಿದೆ. ಬೆಂಚನ್ನು ನಾನು ಆಚೆ ಗೋಡೆಗೆ ಸರಿಸಿದ್ದೇನೆ. ಕಪಾಟಿನ ಬಾಗಿಲು ಅರ್ಧವೇ ತೆರೆಯುತ್ತದೆ, ಫೈಲು ತೆಗೆಯುವಾಗಲೆಲ್ಲ ಕೈ ತರಚುತ್ತದೆ. ನಾನು ಹೇಳಿದ್ದೇ ಸರಿಯಾಗಿತ್ತು. ಹನ್ನೊಂದಕ್ಕೆ ಅದನ್ನು ಹೇಳಬೇಕೆಂದರೆ ಅವರಿಲ್ಲ.